ಕಲ್ಲಿನಲ್ಲಿದ್ದ ಹೆಸರು ತೊಟ್ಟಿಲಿಗೆ ಬಂದದ್ದು

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕೂತು ಕನ್ನಡಕ ಸರಿಮಾಡಿಕೊಳ್ಳುತ್ತಿರುವ ಅಜ್ಜ ಅಜ್ಜಿಯರೇ, ಈ ವಾರ ಒಂದು ಹೆಸರಿನ ಕತೆ. ಆ ಹೆಸರು ಶಾಂತಲಾ.

ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಶಾಂತಲಾ ಎಂಬ ಹುಡುಗಿ ಇದ್ದಾಳೆಯೇ? ಇದ್ದರೆ ನಿಮ್ಮ ಅದೃಷ್ಟ. ಬಹಳ ಶಾಲೆಗಳಲ್ಲಿ ಇರಲಾರಳು. ಆದರೆ ಈ ಹೆಸರನ್ನು ಕೇಳಿಲ್ಲ ಎನ್ನುವ ಕನ್ನಡಿಗರು ಸಿಗುವುದು ಕಷ್ಟ. ಎಲ್ಲರಿಗೂ ಗೊತ್ತು, ಇಟ್ಟುಕೊಂಡವರು ಮಾತ್ರ ಕಡಿಮೆ. ಇದು ಹೇಗಾಯಿತು ಎಂದು ನೋಡೋಣ.

ನಮ್ಮ ಊರು ಯಡಿಯೂರು. ಕುಣಿಗಲ್ ತಾಲ್ಲೂಕು. ತೋಂಟದ ಸಿದ್ಧಲಿಂಗೇಶ್ವರರ ಕ್ಷೇತ್ರ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅವರು ತೋಟದಲ್ಲಿ ತಪಸ್ಸು ಮಾಡಿದ್ದರಿಂದ ‘ತೋಂಟದ’ ಎಂಬುದು ಹೆಸರಿನ ಮುಂದೆ ಬಂತು. ಇಂಥ ಊರಿನಲ್ಲಿ ಹೆಸರಿಗೆ ಬರವಿಲ್ಲ, ಆದರೆ ಬಗೆ ಮಾತ್ರ ಕಡಿಮೆ. ತೇರಿನ ಬೀದಿಯಲ್ಲಿ ನಿಂತು ‘ಸಿದ್ದಲಿಂಗಾ’ ಎಂದು ಒಂದು ಕೂಗು ಹಾಕಿ ನೋಡಿ, ಹತ್ತು ಜನ ತಿರುಗಿ ನೋಡುತ್ತಾರೆ. ಸಿದ್ದಲಿಂಗಯ್ಯ, ಸಿದ್ದಲಿಂಗಪ್ಪ, ಸಿದ್ದಲಿಂಗಸ್ವಾಮಿ, ಹೆಣ್ಣಾದರೆ ಸಿದ್ದಲಿಂಗಮ್ಮ, ಸಿದ್ದಮ್ಮ, ಸಿದ್ದಗಂಗಮ್ಮ. ದೇವರ ಹೆಸರು ಇಟ್ಟರೆ ಮಗುವನ್ನು ಕರೆದಾಗಲೆಲ್ಲ ದೇವರನ್ನು ಕರೆದಂತಾಗುತ್ತದೆ ಎಂದು ಹಿರಿಯರ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿದವನು. ಗಣಕಯಂತ್ರ ಬರುವ ಮೊದಲು ಖಾತೆಗಳೆಲ್ಲ ದೊಡ್ಡ ದೊಡ್ಡ ಲೆಡ್ಜರುಗಳಲ್ಲಿ ಇರುತ್ತಿದ್ದವು. ಎತ್ತಿ ಮೇಜಿನ ಮೇಲೆ ಇಟ್ಟರೆ ಧೂಳೂ ಏಳುತ್ತಿತ್ತು, ಸೊಂಟವೂ ಹಿಡಿಯುತ್ತಿತ್ತು. ಒಂದೊಂದು ಪುಟಕ್ಕೆ ಒಂದೊಂದು ಹೆಸರು. ದಿನವಿಡೀ ಹೆಸರುಗಳನ್ನೇ ಬರೆಯುವ ಕೆಲಸವಾದ್ದರಿಂದ ಅವು ತಲೆಯಲ್ಲಿ ಉಳಿದುಬಿಟ್ಟಿವೆ. 1970ರ ದಶಕದ ಪುಟಗಳಲ್ಲಿ ಹೆಂಗಸರ ಹೆಸರುಗಳೆಲ್ಲ ‘ಅಮ್ಮ’ನಲ್ಲಿ ಮುಗಿಯುತ್ತಿದ್ದವು: ಪುಟ್ಟಮ್ಮ, ಗಂಗಮ್ಮ, ಜಯಮ್ಮ, ಶಾಂತಮ್ಮ. ಬರುಬರುತ್ತಾ ಅವರ ಹೆಣ್ಣುಮಕ್ಕಳು ಖಾತೆ ತೆರೆಯಲು ಬಂದಾಗ ‘ಅಮ್ಮ’ ಬಿಟ್ಟುಹೋಗಿ ಮಂಜುಳ, ಶೋಭ, ಗೀತ ಬಂದವು. ಈಗ ಮೊಮ್ಮಕ್ಕಳ ಹೆಸರುಗಳನ್ನು ನಮ್ಮಂಥ ಮುದುಕರು ಎರಡು ಸಲ ಕೇಳಿ, ಮೂರನೇ ಸಲ ಕಾಗದದಲ್ಲಿ ಬರೆಸಿಕೊಳ್ಳಬೇಕು.

ಶಾಂತಮ್ಮ, ಶಾಂತಾ, ಶಾಂತಕುಮಾರಿ ಎಂಬ ಖಾತೆದಾರರು ನನಗೆ ಎಷ್ಟೋ ಜನ ಸಿಕ್ಕರು. ಶಾಂತಲಾ ಸಿಕ್ಕಿದ್ದು ಬೆರಳೆಣಿಕೆಯಷ್ಟು. ನನ್ನ ಅಜ್ಜಿಯ ಕಾಲದವರಲ್ಲಂತೂ ಆ ಹೆಸರಿನವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಸಿಕ್ಕ ಒಂದಿಬ್ಬರೂ ಓದಿದ ಮನೆಯ ಎಳೆಯ ಹುಡುಗಿಯರು. ಹಾಗಾದರೆ ಇದು ಹೊಸ ಹೆಸರೇ? ಅಲ್ಲ. ನಮ್ಮ ಸಿದ್ದಲಿಂಗಮ್ಮನಿಗಿಂತಲೂ ಹಳೆಯದು. ಒಂಬೈನೂರು ವರ್ಷದ ಹಿಂದಿನದು.

ಮೊದಲು ಆ ಹೆಸರನ್ನು ಬಿಡಿಸಿ ನೋಡೋಣ. ‘ಶಾಂತ’ ಎಂಬುದು ಗೊತ್ತು. ಕೊನೆಯ ‘ಲ’ ಎಲ್ಲಿಂದ ಬಂತು?

ಹೊಯ್ಸಳರ ಕಾಲದ ರಾಣಿಯರ ಹೆಸರುಗಳನ್ನು ಸಾಲಾಗಿ ಓದಿ. ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ರಾಣಿಯರಲ್ಲಿ ಶಾಂತಲದೇವಿ, ಬಮ್ಮಲದೇವಿ, ರಾಜಲದೇವಿ. ಮುಂದೆ ವೀರಬಲ್ಲಾಳನ ರಾಣಿ ಅಭಿನವ ಕೇತಲದೇವಿ, ಹಳೇಬೀಡಿನ ಕೇದಾರೇಶ್ವರ ಗುಡಿಯ ಜೊತೆ ಹೆಸರು ಉಳಿಸಿಕೊಂಡವಳು. ಅರಮನೆಯ ಹೊರಗೆ ಬಂದರೂ ಹಾಗೆಯೇ: ಬಸವಣ್ಣನವರ ತಾಯಿ ಮಾದಲಾಂಬಿಕೆ, ಅಕ್ಕ ನಾಗಲಾಂಬಿಕೆ. ಈಗ ಗಂಡಸರ ಹೆಸರುಗಳನ್ನು ಪಕ್ಕದಲ್ಲಿ ಇಡಿ: ಏಚ, ಬಮ್ಮ, ರಾಜ, ಕೇತ, ಮಾದ, ನಾಗ. ಗುಟ್ಟು ಗೊತ್ತಾಯಿತೇ? ಗಂಡು ಹೆಸರಿಗೆ ‘ಲ’ ಅಥವಾ ‘ಲೆ’ ಹತ್ತಿದರೆ ಹೆಣ್ಣು ಹೆಸರು. ಬಮ್ಮನಿಂದ ಬಮ್ಮಲೆ, ನಾಗನಿಂದ ನಾಗಲೆ, ಶಾಂತನಿಂದ ಶಾಂತಲೆ. ನಾವು ಈಗ ಸಿದ್ದಲಿಂಗನಿಗೆ ‘ಅಮ್ಮ’ ಸೇರಿಸಿ ಸಿದ್ದಲಿಂಗಮ್ಮ ಮಾಡುವುದಿಲ್ಲವೇ, ಹಾಗೆ. ಅಂದರೆ ಶಾಂತಲೆ ಆ ಕಾಲಕ್ಕೆ ಅಪರೂಪದ ಹೆಸರೇನಲ್ಲ, ಆಗಿನ ಅಚ್ಚಿನಲ್ಲಿ ಎರಕ ಹೊಯ್ದ ಹೆಸರು. ನಾವು ಆ ಅಚ್ಚನ್ನು ಕೈಬಿಟ್ಟ ಮೇಲೆ ಅಪರೂಪವಾಯಿತು.

ಇನ್ನು ಆ ಹೆಸರಿನವಳ ಕತೆ. ಅವಳ ಊರುಗಳನ್ನು ನೋಡಲು ನಾವು ಯಡಿಯೂರಿನವರು ದೂರ ಹೋಗಬೇಕಿಲ್ಲ. ನಮ್ಮ ಊರ ಮುಂದೆ ಬೆಂಗಳೂರು–ಮಂಗಳೂರು ಹೆದ್ದಾರಿ ಇದೆ. ಬಸ್ಸು ಹತ್ತಿ ಹಾಸನದ ಕಡೆಗೆ ಹೊರಟರೆ ಬೆಳ್ಳೂರು ಕ್ರಾಸ್ ಆದ ಮೇಲೆ ಹಿರೀಸಾವೆ ಬರುತ್ತದೆ. ಅಲ್ಲಿ ಎಡಕ್ಕೆ ತಿರುಗಿದರೆ ಶ್ರವಣಬೆಳಗೊಳ. ತಿರುಗದೆ ನೆಟ್ಟಗೆ ಹೋದರೆ ಚನ್ನರಾಯಪಟ್ಟಣ, ಆಮೇಲೆ ಶಾಂತಿಗ್ರಾಮ. ಟೋಲ್ ಗೇಟಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಬೋರ್ಡು ಓದಿದ್ದೀರಲ್ಲ, ಅದೇ ಊರು. ಆ ಹೆಸರು ಶಾಂತಲೆಯಿಂದಲೇ ಬಂದದ್ದು ಎಂದು ಅಲ್ಲಿನವರು ಹೇಳುತ್ತಾರೆ. ಹಾಸನ ದಾಟಿದರೆ ಬೇಲೂರು, ಹಳೇಬೀಡು.

ಇನ್ನು ಬಸ್ಸನ್ನು ತಿರುಗಿಸಿ. ಕುಣಿಗಲ್ ದಾಟಿ ನೆಲಮಂಗಲದ ಕಡೆಗೆ ಹೋಗುವಾಗ ಎಡಗಡೆಗೆ ಶಿವಗಂಗೆಯ ಬೆಟ್ಟ. ಒಳಕಲ್ಲು ತೀರ್ಥಕ್ಕೆ ಕೈ ಹಾಕಿ ನೀರು ಸಿಕ್ಕಿತೇ ಇಲ್ಲವೇ ಎಂದು ಜಗಳವಾಡಿದವರಿಗೆ ಆ ಬೆಟ್ಟ ಚೆನ್ನಾಗಿ ಗೊತ್ತು. ಹೀಗೆ ಶಾಂತಲೆ ಬಾಳಿದ ಕಡೆ ನಮ್ಮ ಪಡುವಣಕ್ಕೆ, ಅವಳ ಕೊನೆಯ ದಿನದ ಬೆಟ್ಟ ಮೂಡಣಕ್ಕೆ. ನಡುವೆ ನಾವು.

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜೈನಳು. ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದವನು. ಒಂದೇ ಮನೆಯಲ್ಲಿ ಮೂರು ಬಗೆಯ ಪೂಜೆ. ಇವಳೋ ತಾಯಿಯಂತೆ ಜಿನನ ಭಕ್ತೆ. ಬೇಲೂರಿನಲ್ಲಿ ಗಂಡನ ದೇವಸ್ಥಾನದ ಪ್ರಾಕಾರದಲ್ಲೇ ಇನ್ನೊಂದು ಗುಡಿಯನ್ನು ಇವಳು ಕಟ್ಟಿಸಿದಳು. ಅದೇ ಕಪ್ಪೆ ಚೆನ್ನಿಗರಾಯನ ಗುಡಿ, 1117ರದ್ದು. ಈ ಕಪ್ಪೆಯ ಕತೆ ತುಮಕೂರಿನ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದ್ದು, ಗಂಧ ಲೇಪಿಸಿದರೆ ಒಂದು ಕಡೆ ಮಾತ್ರ ಒಣಗದೆ ಉಳಿದದ್ದು, ಅಲ್ಲಿ ಉಳಿ ಇಟ್ಟಾಗ ಕಪ್ಪೆ ಹೊರಗೆ ಬಂದದ್ದು, ಜಕಣಾಚಾರಿ ತನ್ನ ಕೈಯನ್ನೇ ಕಡಿದುಕೊಂಡದ್ದು, ಆಮೇಲೆ ಗೂಳೂರಿನ ಹತ್ತಿರ ಗುಡಿ ಕಟ್ಟಿದಾಗ ಕೈ ಮತ್ತೆ ಬಂದು ಆ ಊರಿಗೆ ಕೈದಾಳ ಎಂಬ ಹೆಸರಾದದ್ದು. ಅದು ಜನರು ಕಟ್ಟಿದ ಕತೆ. ಗುಡಿ ಕಟ್ಟಿಸಿದವಳು ಶಾಂತಲೆ ಎಂಬುದು ಶಾಸನದ ಮಾತು.

ಹಳೇಬೀಡಿನ ದೊಡ್ಡ ದೇವಸ್ಥಾನದಲ್ಲಿ ಎರಡು ಗರ್ಭಗುಡಿಗಳಿವೆ. ಒಂದರಲ್ಲಿ ಹೊಯ್ಸಳೇಶ್ವರ, ಇನ್ನೊಂದರಲ್ಲಿ ಶಾಂತಲೇಶ್ವರ. ರಾಜನ ಹೆಸರಿನ ಒಂದು ಲಿಂಗ, ರಾಣಿಯ ಹೆಸರಿನ ಒಂದು ಲಿಂಗ. ರಾಣಿಯ ಹೆಸರನ್ನು ದೇವರಿಗೇ ಇಟ್ಟಿದ್ದಾರೆ ನೋಡಿ! 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಜೊತೆಗೆ ಶಾಂತಲೆಯ ಹೆಸರೂ ಸೇರಿದಂತಾಯಿತು.

ಶ್ರವಣಬೆಳಗೊಳದಲ್ಲಿ ಎಲ್ಲರೂ ಗೊಮ್ಮಟನ ದೊಡ್ಡ ಬೆಟ್ಟ ಹತ್ತಿ ಇಳಿದು, ಕಾಲು ನೋವು ಎಂದು ಬಸ್ಸು ಹತ್ತಿಬಿಡುತ್ತಾರೆ. ಎದುರಿಗೆ ಚಂದ್ರಗಿರಿ ಎಂಬ ಚಿಕ್ಕ ಬೆಟ್ಟವಿದೆ. ಅದನ್ನೂ ಹತ್ತಿ. ಅಲ್ಲಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿ ಇದೆ. ಒಳಗೆ ಅವಳು ನಿಲ್ಲಿಸಿದ ದೇವರು ಶಾಂತಿನಾಥ. ಬಸದಿಯ ಹೆಸರು ಮಾತ್ರ ಕೇಳಿದರೆ ನಗು ಬರುತ್ತದೆ: ಸವತಿಗಂಧವಾರಣ ಬಸದಿ. ಗಂಧವಾರಣ ಎಂದರೆ ಮದ್ದಾನೆ. ಸವತಿಯರ ಪಾಲಿಗೆ ಮದ್ದಾನೆ ಎಂಬುದು ರಾಣಿಯ ಬಿರುದು! ಹೆಸರು ಶಾಂತ, ಬಿರುದು ಮದ್ದಾನೆ. ನಮ್ಮ ಮನೆಗಳಲ್ಲೂ ಶಾಂತಮ್ಮ ಎಂದು ಹೆಸರಿಟ್ಟುಕೊಂಡು ಇಡೀ ಬೀದಿಯನ್ನು ಅಂಕೆಯಲ್ಲಿ ಇಟ್ಟವರಿಲ್ಲವೇ? ಅದೇ ಶಾಸನಗಳು ಅವಳನ್ನು ಹಾಡು, ವಾದ್ಯ, ನೃತ್ಯಗಳಲ್ಲಿ ಪಳಗಿದವಳು ಎಂದೂ ಹೊಗಳುತ್ತವೆ. ಬೇಲೂರಿನಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ತೋರಿಸಿ ಅವಳೇ ಶಾಂತಲೆ ಎಂದು ಗೈಡುಗಳು ಹೇಳುವುದು ಇದರಿಂದಲೇ.

ಶಕವರ್ಷ 1053ರಲ್ಲಿ, ಅಂದರೆ ಕ್ರಿ.ಶ. 1131ರ ಚೈತ್ರ ಮಾಸದಲ್ಲಿ, ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಬೆಟ್ಟದಲ್ಲಿ ಇಂದು ಒಂದು ಕಡಿದಾದ ಜಾಗವನ್ನು ತೋರಿಸಿ ಜನ ಏನೇನೋ ಕತೆ ಹೇಳುತ್ತಾರೆ. ಶಾಸನ ಅಷ್ಟೆಲ್ಲ ಹೇಳುವುದಿಲ್ಲ. ಶಿವಗಂಗೆಯ ತೀರ್ಥದಲ್ಲಿ ಸ್ವರ್ಗ ಸೇರಿದಳು ಎಂದಷ್ಟೇ ಹೇಳಿ, ಮುಂದೆ ಇನ್ನೊಂದು ಸಂಗತಿ ಹೇಳುತ್ತದೆ. ಮಗಳು ಹೋದ ಸುದ್ದಿ ಕೇಳಿದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಜೈನರ ಸಲ್ಲೇಖನ ವ್ರತ ಹಿಡಿದು, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ರಾಣಿಯ ಹೆಸರು ಕಲ್ಲಿನಲ್ಲಿ ಉಳಿಯುವುದು ದೊಡ್ಡ ಮಾತಲ್ಲ. ಆದರೆ ಆ ಕಲ್ಲಿನಲ್ಲಿ ಮಗಳ ಹೆಸರಿನ ಜೊತೆ ತಾಯಿಯ ಹೆಸರೂ, ತಾಯಿಯ ದುಃಖವೂ ಉಳಿದಿದೆ. ಅಜ್ಜಿಯರೇ, ಮಕ್ಕಳಿಗೆ ಈ ಭಾಗವನ್ನು ನೀವೇ ಓದಿ ಹೇಳಿ. ನನಗಿಂತ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಆಮೇಲೆ ಏನಾಯಿತು? ಕಲ್ಲು ಅಲ್ಲೇ ಇತ್ತು, ಆದರೆ ಅದರ ಮೇಲಿನ ಹಳಗನ್ನಡ ಅಕ್ಷರಗಳನ್ನು ಓದಬಲ್ಲವರು ಕಡಿಮೆಯಾದರು. ಬಿ.ಎಲ್. ರೈಸ್ ಎಂಬವರು ಮೈಸೂರು ಸೀಮೆಯ ಹಳ್ಳಿಹಳ್ಳಿಯ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಶ್ರವಣಬೆಳಗೊಳದ ಶಾಸನಗಳ ಸಂಪುಟ ಬಂದದ್ದು 1889ರಲ್ಲಿ. ಆರ್. ನರಸಿಂಹಾಚಾರ್ಯರು ಅದನ್ನು ತಿದ್ದಿ ಹಿಗ್ಗಿಸಿ 1923ರಲ್ಲಿ ಮತ್ತೆ ತಂದರು. ಶಾಂತಲೆ ತೀರಿಕೊಂಡು ಏಳುನೂರ ಐವತ್ತು ವರ್ಷ ಕಳೆದ ಮೇಲೆ ಅವಳ ಹೆಸರು ಕಲ್ಲಿನಿಂದ ಕಾಗದಕ್ಕೆ ಬಂತು.

ಕಾಗದಕ್ಕೆ ಬಂದ ಮಾತ್ರಕ್ಕೆ ತೊಟ್ಟಿಲಿಗೆ ಬರುವುದಿಲ್ಲ. ಶಾಸನದ ಸಂಪುಟವನ್ನು ಬಾಣಂತಿಯ ದಿಂಬಿನ ಪಕ್ಕ ಇಟ್ಟುಕೊಂಡು ಹೆಸರು ಹುಡುಕುವವರು ಯಾರು? ನಡುವೆ ಒಬ್ಬ ಕತೆಗಾರ ಬೇಕು. ಆ ಕೆಲಸ ಮಾಡಿದವರಲ್ಲಿ ಒಬ್ಬರು ಕೆ.ವಿ. ಅಯ್ಯರ್. ಇವರು ಮೇಷ್ಟರಲ್ಲ, ಪಂಡಿತರಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹುಡುಗರಿಗೆ ಮೈಕಟ್ಟು ಬೆಳೆಸುವುದನ್ನು ಕಲಿಸುತ್ತಿದ್ದವರು. ಕಬ್ಬಿಣದ ಗುಂಡು ಎತ್ತುವ ಆ ಕೈಯೇ ‘ಶಾಂತಲಾ’ ಎಂಬ ಕಾದಂಬರಿ ಬರೆಯಿತು. ಗಮನಿಸಿ, ಶಾಸನದಲ್ಲಿ ಶಾಂತಲದೇವಿ, ಕಾದಂಬರಿಯಲ್ಲಿ ಶಾಂತಲಾ. ‘ದೇವಿ’ ಬಿಟ್ಟು, ಕೊನೆಯನ್ನು ದೀರ್ಘ ಮಾಡಿದ ಮೇಲೆ ಅದು ವಿಮಲಾ, ಕಮಲಾಗಳ ಸಾಲಿನಲ್ಲಿ ಸಲೀಸಾಗಿ ಕೂತುಕೊಂಡಿತು. ಮನೆಯೊಳಗೆ ಕರೆಯಲು ಹದವಾದ ಹೆಸರಾಯಿತು.

ಅದಾದ ಮೇಲೆ ಸಿ.ಕೆ. ನಾಗರಾಜರಾಯರು ಬಂದರು. ಅವರ ‘ಪಟ್ಟಮಹಾದೇವಿ ಶಾಂತಲದೇವಿ’ 1978ರಲ್ಲಿ ಪ್ರಕಟವಾಯಿತು. ಇಟ್ಟಿಗೆಯಂಥ ಸಂಪುಟಗಳು. ಭಾರತೀಯ ಜ್ಞಾನಪೀಠದವರು ಮೂರ್ತಿದೇವಿ ಪ್ರಶಸ್ತಿ ಎಂಬುದನ್ನು ಸ್ಥಾಪಿಸಿ, 1983ರಲ್ಲಿ ಮೊತ್ತಮೊದಲು ಕೊಟ್ಟದ್ದು ಈ ಕಾದಂಬರಿಗೆ. ಹಿಂದಿಗೂ ಅನುವಾದವಾಗಿ ಹೊರನಾಡಿನವರೂ ಓದಿದರು. ಆಗ ಗ್ರಂಥಾಲಯಗಳಿಂದ ಪುಸ್ತಕ ತಂದು ಅಡುಗೆ ಮುಗಿಸಿದ ಮಧ್ಯಾಹ್ನಗಳಲ್ಲಿ ಓದುತ್ತಿದ್ದ ಹೆಂಗಸರೇ ಈ ಹೆಸರನ್ನು ತಮ್ಮ ತಮ್ಮ ಮನೆಯ ತೊಟ್ಟಿಲಿಗೆ ತಂದವರು ಎಂದು ನಾನು ನಂಬಿದ್ದೇನೆ. ನನ್ನ ಲೆಡ್ಜರಿನ ಶಾಂತಲಾಗಳೂ ಓದುವ ತಾಯಂದಿರ ಮಕ್ಕಳೇ. ನೃತ್ಯಕ್ಕೆ ಕರ್ನಾಟಕ ಸರ್ಕಾರ ಕೊಡುವ ಪ್ರಶಸ್ತಿಗೆ ‘ಶಾಂತಲಾ ನಾಟ್ಯಶ್ರೀ’ ಎಂಬ ಹೆಸರಾಯಿತು. ಮೈಸೂರಿನಲ್ಲಿ ಒಂದು ಚಿತ್ರಮಂದಿರಕ್ಕೂ ಶಾಂತಲಾ ಎಂದೇ ಹೆಸರಿತ್ತು.

ಅಂದಹಾಗೆ, ಅವಳ ಗಂಡನ ಹೆಸರು ತೊಟ್ಟಿಲಿಗೆ ಬಂದ ದಾರಿಯೇ ಬೇರೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಚಿತ್ರ ಮಾಡುವಾಗ ಸಂಪತ್‌ಕುಮಾರ್ ಎಂಬ ಹೊಸ ಹುಡುಗನಿಗೆ ವಿಷ್ಣುವರ್ಧನ್ ಎಂದು ಹೆಸರಿಟ್ಟರು. ಆಮೇಲೆ ಊರೂರಲ್ಲಿ ವಿಷ್ಣುವರ್ಧನರು ಹುಟ್ಟಿದರು. ರಾಜನ ಹೆಸರು ಸಿನಿಮಾ ಪರದೆಯಿಂದ ಇಳಿಯಿತು, ರಾಣಿಯ ಹೆಸರು ಪುಸ್ತಕದಿಂದ ಬಂತು. ಸಿನಿಮಾ ನೋಡುವವರು ಹೆಚ್ಚು, ದಪ್ಪ ಪುಸ್ತಕ ಓದುವವರು ಕಡಿಮೆ. ವಿಷ್ಣುವರ್ಧನ್ ಹೆಚ್ಚು, ಶಾಂತಲಾ ಕಡಿಮೆ ಆಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನೊಂದು ಪ್ರಶ್ನೆ ಕೇಳಿ. ಏಚಲೆ, ಬಮ್ಮಲೆ, ಕೇತಲೆ, ಮಾಚಿಕಬ್ಬೆ ಏಕೆ ತಿರುಗಿ ಬರಲಿಲ್ಲ? ಅವರೂ ರಾಣಿಯರು, ರಾಣಿಯ ತಾಯಿ. ಅವರ ಹೆಸರುಗಳೂ ಅದೇ ರೈಸ್ ಸಾಹೇಬರ ಸಂಪುಟಗಳಲ್ಲಿ ಅಚ್ಚಾದವು. ಆದರೆ ಏಚ, ಬಮ್ಮ, ಕೇತ ಎಂಬ ಮಾತುಗಳು ಈಗ ನಮ್ಮ ಕಿವಿಗೆ ಬಳಕೆಯಲ್ಲಿಲ್ಲ. ಶಾಂತ ಎಂಬುದು ಇದೆ. ಅದಕ್ಕಿಂತ ಹೆಚ್ಚಾಗಿ, ಉಳಿದವರ ಕತೆಯನ್ನು ಕೂತು ಹೇಳುವವರು ಸಿಗಲಿಲ್ಲ. ಹೆಸರು ಕಲ್ಲಿನಲ್ಲಿ ಇದ್ದರೆ ಅಳಿಯುವುದಿಲ್ಲ, ನಿಜ. ಆದರೆ ಕೂಗುವವರು ಬೇಕಾದರೆ ಅದರ ಜೊತೆಗೆ ಒಂದು ಕತೆ ಇರಬೇಕು.

ಈಗ ಸ್ವಲ್ಪ ದೂರ ಹೋಗಿ ಬರೋಣ. ಬ್ರೆಜಿಲ್ ದೇಶದಲ್ಲಿ ‘ಶಾಂತಲಾ’ ಎಂದರೆ ಹುಡುಗಿಯ ಹೆಸರು ಎಂದು ತಿಳಿಯುವವರಿಗಿಂತ, ಹಸುಗೂಸಿಗೆ ಎಣ್ಣೆ ಹಚ್ಚಿ ಮೈ ನೀವುವುದು ಎಂದು ತಿಳಿಯುವವರೇ ಹೆಚ್ಚು! ಇದೇನು ಸೋಜಿಗ? ಫ್ರೆಡರಿಕ್ ಲೆಬೊಯೆ ಎಂಬ ಫ್ರೆಂಚ್ ಹೆರಿಗೆ ವೈದ್ಯರು ಕೋಲ್ಕತ್ತಕ್ಕೆ ಬಂದಿದ್ದಾಗ ಒಬ್ಬ ಬಡ ತಾಯಿಯನ್ನು ಕಂಡರು. ಅವಳು ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ಮೈ ತೀಡುತ್ತಿದ್ದಳು. ಅವಳ ಹೆಸರು ಶಾಂತಲಾ. ಲೆಬೊಯೆ ಅವಳ ಚಿತ್ರಗಳನ್ನು ತೆಗೆದು 1976ರಲ್ಲಿ ಪುಸ್ತಕ ಮಾಡಿದರು, ಪುಸ್ತಕಕ್ಕೆ ಅವಳ ಹೆಸರನ್ನೇ ಇಟ್ಟರು. ಅದು ಹಲವು ಭಾಷೆಗಳಿಗೆ ಹೋಯಿತು. ಬ್ರೆಜಿಲಿನಲ್ಲಿ ಆ ಎಣ್ಣೆ ನೀವುವ ವಿದ್ಯೆಗೇ ‘ಶಾಂತಲಾ’ ಎಂಬ ಹೆಸರು ನಿಂತುಬಿಟ್ಟಿತು. ಅಜ್ಜಿಯರೇ, ನೀವು ಬಚ್ಚಲಲ್ಲಿ ಕೂತು ಮಗುವಿಗೆ ನೀರು ಹಾಕುತ್ತಿದ್ದಾಗ ಯಾವ ಡಾಕ್ಟರೂ ಬಂದು ಫೋಟೋ ತೆಗೆಯಲಿಲ್ಲ. ತೆಗೆದಿದ್ದರೆ ಆ ವಿದ್ಯೆಗೆ ಸಿದ್ದಲಿಂಗಮ್ಮ ಎಂಬ ಹೆಸರು ಬಂದಿರುತ್ತಿತ್ತೋ ಏನೋ!

ಫ್ರಾನ್ಸಿನಲ್ಲಿ ಇನ್ನೊಂದು ಹೆಸರಿದೆ: ಶಾಂತಾಲ್. ಕೇಳಲು ನಮ್ಮದರಂತೆಯೇ ಇದೆ, ಆದರೆ ನಂಟಿಲ್ಲ. ಅದು ಮೊದಲು ಒಂದು ಜಾಗದ ಹೆಸರು. 1572ರಲ್ಲಿ ಹುಟ್ಟಿದ ಜಾನ್ ದ ಶಾಂತಾಲ್ ಎಂಬ ಸನ್ಯಾಸಿನಿಯ ಜೊತೆ ಆ ಜಾಗದ ಹೆಸರು ಸೇರಿಕೊಂಡಿತು. ಅವರನ್ನು ಸಂತರೆಂದು ಸಾರಿದ ಮೇಲೆ, ಅವರ ನೆನಪಿಗೆ ಹೆಣ್ಣುಮಕ್ಕಳಿಗೆ ಶಾಂತಾಲ್ ಎಂದು ಹೆಸರಿಡತೊಡಗಿದರು. ದಕ್ಷಿಣ ಫ್ರಾನ್ಸಿನ ಹಳೆಯ ಮಾತಿನಲ್ಲಿ ಅದರ ಮೂಲ ಅರ್ಥ ಏನು ಗೊತ್ತೇ? ಕಲ್ಲು, ಬಂಡೆ. ಅವರ ಶಾಂತಾಲ್ ಹುಟ್ಟಿದ್ದೇ ಕಲ್ಲಿನಿಂದ, ನಮ್ಮ ಶಾಂತಲಾ ಉಳಿದದ್ದು ಕಲ್ಲಿನಲ್ಲಿ. ಅಲ್ಲಿಯೂ ದಾರಿ ಒಂದೇ: ಒಬ್ಬಳ ಬಾಳಿನ ಕತೆ ಬಾಯಿಂದ ಬಾಯಿಗೆ ಹೋದ ಮೇಲೆ ಹೆಸರು ತೊಟ್ಟಿಲಿಗೆ ಬಂತು.

ಇಷ್ಟೆಲ್ಲ ಏಕೆ ಹೇಳಿದೆ ಎಂದರೆ, ರಾಣಿಯರಲ್ಲದವರ ಹೆಸರುಗಳ ಗತಿ ಏನು ಎಂಬ ಯೋಚನೆ ನನಗೆ ಬಹಳ ದಿನದಿಂದ ಇದೆ.

ಹಳೆಯ ಮೈಸೂರಿನ ಕಡೆಯ ಪತ್ರಗಳಲ್ಲಿ ಎರಡು ಚಿಕ್ಕ ಮಾತುಗಳು ಬರುತ್ತವೆ: ಬಿನ್, ಕೋಂ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಗಂಡಸಿನ ಹೆಸರಿನ ಪಕ್ಕ ಅವನ ತಂದೆಯ ಹೆಸರು, ಹೆಂಗಸಿನ ಹೆಸರಿನ ಪಕ್ಕ ಅವಳ ಗಂಡನ ಹೆಸರು. ಸಾವಿರಾರು ಸಲ ಈ ಎರಡು ಮಾತುಗಳನ್ನು ಬರೆದಿದ್ದೇನೆ. ಎರಡು ಕಡೆಯೂ ತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ಒಂಬೈನೂರು ವರ್ಷದ ಹಿಂದೆ ಬೆಳಗೊಳದ ಕಲ್ಲಿನಲ್ಲಿ ಮಾಚಿಕಬ್ಬೆಗೆ ಸಿಕ್ಕ ಜಾಗ ನಮ್ಮ ಲೆಡ್ಜರಿನ ತಾಯಂದಿರಿಗೆ ಸಿಗಲಿಲ್ಲ.

ಒಮ್ಮೆ ವಯಸ್ಸಾದ ತಾಯಿಯೊಬ್ಬರು ಪಿಂಚಣಿಗಾಗಿ ಖಾತೆ ತೆರೆಯಲು ಬಂದರು. ನಾನು ಅರ್ಜಿ ತುಂಬಿಸಲು ಕೂತೆ.

“ಹೆಸರು ಹೇಳಿ ಅಮ್ಮ” ಎಂದೆ.

“ಸಿದ್ದಲಿಂಗನ ಅವ್ವ” ಎಂದರು.

“ಅದು ನಿಮ್ಮ ಮಗನ ಹೆಸರಾಯಿತು. ನಿಮ್ಮ ಹೆಸರು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ನನ್ನೆಸ್ರಾ? ಅದ್ನ ಹಿಡ್ದು ಕೂಗೋರು ಯಾರವ್ರೆ ಸ್ವಾಮಿ ಈಗ? ನಮ್ಮವ್ವ ಕೂಗ್ತಿದ್ಲು, ಅವಳು ಹೋದ್ಲು.”

ಸೆರಗಿನ ಗಂಟು ಬಿಚ್ಚಿ ಪಡಿತರ ಚೀಟಿ ಕೊಟ್ಟರು. ಅದರಲ್ಲಿ ಅವರ ಹೆಸರಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅವರು ತಲೆ ಎತ್ತಿ ನೋಡಿದ ರೀತಿ, ಬಹಳ ದಿನದ ಮೇಲೆ ತವರಿನವರು ಬಾಗಿಲಲ್ಲಿ ಬಂದು ನಿಂತಂತೆ ಇತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಖಾತೆದಾರರ ಗುಟ್ಟು ಹೊರಗೆ ಹೇಳಬಾರದು ಎಂಬ ಪಾಠ ಬ್ಯಾಂಕು ಬಿಟ್ಟ ಮೇಲೂ ನನ್ನನ್ನು ಬಿಟ್ಟಿಲ್ಲ. ಬಹಳ ಚಂದದ ಹೆಸರು ಎಂದಷ್ಟೇ ಹೇಳುತ್ತೇನೆ. ಈಚೆಗೆ ಅದನ್ನು ಯಾವ ಮಗುವಿಗೂ ಇಟ್ಟದ್ದನ್ನು ನಾನು ಕೇಳಿಲ್ಲ.

ಈಗ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು ಎಂದರೆ ಅಪ್ಪ ಅಮ್ಮ ಮೊಬೈಲು ಹಿಡಿದು ಕೂರುತ್ತಾರೆ. ಯಾರೂ ಇಡದ ಹೆಸರು ಬೇಕು, ಎರಡೇ ಅಕ್ಷರ ಇರಬೇಕು, ಪರದೇಶದವರ ನಾಲಿಗೆಗೂ ಹೊರಳಬೇಕು. ಬೇಕು ಎನ್ನುವುದರಲ್ಲಿ ತಪ್ಪಿಲ್ಲ, ಅದು ಅವರ ಕಾಲ. ಆದರೆ ಅಪರೂಪದ ಹೆಸರು ಹುಡುಕಲು ಅಷ್ಟು ದೂರ ಹೋಗುವ ಮೊದಲು, ಮನೆಯ ಮೂಲೆಯಲ್ಲಿ ಕೂತಿರುವ ಅಜ್ಜಿಯನ್ನು ಒಂದು ಮಾತು ಕೇಳಬಹುದು. ಅವರ ಅಜ್ಜಿಯ ಹೆಸರೇನು? ಆ ಹೆಸರು ಯಾರಿಂದ ಬಂತು? ಆಕೆ ಏನು ಮಾಡುತ್ತಿದ್ದರು, ಯಾವ ಹಾಡು ಹೇಳುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು? ನಾಮಕರಣದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಆ ಹೆಸರನ್ನೇ ಉಸುರಬೇಕು ಎಂದು ನಾನು ಹೇಳುತ್ತಿಲ್ಲ. ಉಸುರಿದರೆ ಸಂತೋಷ. ಇಲ್ಲದಿದ್ದರೂ ಮನೆಯವರಿಗೆ ಆ ಹೆಸರು ಗೊತ್ತಾದರೆ ಸಾಕು. ಗೊತ್ತಿದ್ದರೆ ತಾನೇ ಎಂದಾದರೂ ಒಬ್ಬರು ಕೂಗುವುದು?

ಆದ್ದರಿಂದ ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ನಿಮ್ಮ ನೋಟ್‌ಪುಸ್ತಕದ ಕೊನೆಯ ಪುಟ ತೆಗೆಯಿರಿ. ಮೊದಲ ಗೆರೆಯಲ್ಲಿ ಅಮ್ಮನ ಹೆಸರು ಬರೆಯಿರಿ. ಅದು ಸುಲಭ. ಎರಡನೆಯದರಲ್ಲಿ ಅಮ್ಮನ ಅಮ್ಮನ ಹೆಸರು. ‘ಅಜ್ಜಿ’ ಎಂದು ಬರೆಯಬೇಡಿ, ಅದು ಹೆಸರಲ್ಲ. ಮೂರನೆಯದರಲ್ಲಿ ಅವರ ಅಮ್ಮನ ಹೆಸರು. ಇಲ್ಲಿ ಬಹಳ ಜನ ನಿಲ್ಲುತ್ತೀರಿ. ನಿಂತಾಗ ಊರಿಗೆ ಫೋನು ಮಾಡಿ, ದೊಡ್ಡಮ್ಮನನ್ನು ಕೇಳಿ, ಚಿಕ್ಕಜ್ಜನನ್ನು ಕೇಳಿ. ಹಳೆಯ ಪತ್ರಗಳಿದ್ದರೆ ‘ಕೋಂ’ ಎಂಬ ಮಾತಿನ ಹಿಂದೆ ಹುಡುಕಿ, ಅಲ್ಲಿ ಸಿಕ್ಕಿದರೂ ಸಿಕ್ಕೀತು. ನಾಲ್ಕನೆಯ ಗೆರೆ ತುಂಬಿಸಿದವರು ಜಾಣರು. ಅಪ್ಪನ ಕಡೆಯದನ್ನೂ ಹೀಗೆಯೇ ಮಾಡಿ. ಪ್ರತಿ ಹೆಸರಿನ ಮುಂದೆ ಅವರ ಬಗ್ಗೆ ಒಂದೇ ಒಂದು ಸಾಲು ಬರೆಯಿರಿ. ರೊಟ್ಟಿ ಚೆನ್ನಾಗಿ ತಟ್ಟುತ್ತಿದ್ದರು ಎಂದಾದರೂ ಸರಿ, ಎಮ್ಮೆಗೆ ಹೆದರುತ್ತಿದ್ದರು ಎಂದಾದರೂ ಸರಿ.

ಅಜ್ಜ ಅಜ್ಜಿಯರೇ, ಮಕ್ಕಳು ಬಂದು ಕೇಳಿದಾಗ ‘ಅದೆಲ್ಲ ಈಗ ಯಾಕೆ’ ಎನ್ನಬೇಡಿ. ನೆನಪಿದ್ದಷ್ಟು ಹೇಳಿ. ನಿಮಗೆ ಗೊತ್ತಿರುವ ಆ ಹೆಸರು ಬೇರೆ ಯಾವ ಕಲ್ಲಿನಲ್ಲೂ ಇಲ್ಲ.

ಬರೆದು ಮುಗಿಸಿದ ಮೇಲೆ ಕೆಳಗೆ ತಾರೀಖು ಹಾಕುವುದನ್ನು ಮರೆಯಬೇಡಿ. ತಾರೀಖಿಲ್ಲದ ಕಾಗದವನ್ನು ನಾವು ಬ್ಯಾಂಕಿನವರು ತೆಗೆದುಕೊಳ್ಳುವುದಿಲ್ಲ.